ಮನೆ ಸಾಮಾನು ದಾರಿಯಲ್ಲಿ ಎಷ್ಟು ಸಲ ಕೆಳಗಿಳಿಯುತ್ತದೆ? ಮೊದಲು ಅದನ್ನು ಕೇಳಿ

ಪ್ರಶ್ನೆ: ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಬೆಂಗಳೂರಿನಿಂದ ಮಂಗಳೂರಿಗೆ ವರ್ಗ ಆಗಿದೆ. ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆ. ಮಾಮೂಲಿ ಸಾಮಾನಿನ ಜೊತೆ ಒಂದು ಸ್ಕೂಟರ್, ಅತ್ತೆಯವರ ಕಾಲದ ಕನ್ನಡಿ ಬೀರು, ಒಂದು ಒರಳುಕಲ್ಲು ಇದೆ. ಮೂರು ಕಡೆ ವಿಚಾರಿಸಿದೆವು. ಒಬ್ಬರು ಫೋನಿನಲ್ಲೇ 14 ಸಾವಿರ ಅಂದರು. ಇನ್ನೊಬ್ಬರು ಮನೆಗೆ ಬಂದು ನೋಡಿ 27 ಸಾವಿರ ಅಂದರು. ದೊಡ್ಡ ಕಂಪನಿಯವರು 41 ಸಾವಿರ ಹೇಳಿದ್ದಾರೆ. ಪಕ್ಕದ ಮನೆಯವರು "ಸುಮ್ನೆ ಒಂದು ಲಾರಿ ಮಾಡಿಕೊಂಡು ಹೋಗಿ" ಅನ್ನುತ್ತಾರೆ. ಆಷಾಢ ಶುರುವಾಗುವ ಮುಂಚೆ ಹೋಗಬೇಕು ಅಂತ ಅತ್ತೆ ಹೇಳುತ್ತಿದ್ದಾರೆ. ಯಾರಿಗೆ ಕೊಡೋಣ?

ಉತ್ತರ: ಅಮ್ಮಾ, ಮೂರೂ ರೇಟುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ಮೂವರಿಗೂ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: "ವಿಜಯನಗರದಲ್ಲಿ ನಮ್ಮ ಮನೆ ಬಾಗಿಲಲ್ಲಿ ಗಾಡಿ ಹತ್ತಿದ ಸಾಮಾನು ಮಂಗಳೂರಿನ ಮನೆ ಬಾಗಿಲಲ್ಲೇ ಇಳಿಯುತ್ತದಾ, ಇಲ್ಲ ಮಧ್ಯದಲ್ಲಿ ಎಲ್ಲಾದರೂ ಇಳಿದು ಬೇರೆ ಗಾಡಿ ಹತ್ತುತ್ತದಾ?"

ಮನೆಗಳಿಗೆ ಹೋಗಿ ಸಾಮಾನು ಸರ್ವೆ ಮಾಡುವುದು, ಪ್ಯಾಕಿಂಗ್ ಮಾಡಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು. ಸಾಮಾನು ಒಡೆಯುವುದು ರಸ್ತೆಯ ಗುಂಡಿಯಿಂದ ಅಂತ ಜನ ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಜಾಸ್ತಿ ಒಡೆಯುವುದು ಇಳಿಸಿ ಏರಿಸುವಾಗ. ನಿಮ್ಮ ಮನೆಯಲ್ಲಿ ಪ್ಯಾಕ್ ಮಾಡಿದ ಹುಡುಗನಿಗೆ ಯಾವ ಡಬ್ಬದಲ್ಲಿ ಗಾಜಿದೆ ಅಂತ ಗೊತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಗೋಡೌನಿನಲ್ಲಿ ಇಳಿಸುವ ಹಮಾಲಿಗೆ ಅದು ಗೊತ್ತಿರುವುದಿಲ್ಲ. ಅವರಿಗೆ ಅದು ಬರೀ ಇನ್ನೊಂದು ಡಬ್ಬ. ಆದ್ದರಿಂದ ಯಾವ ಥರದ ಕಂಪನಿ ಬೇಕು ಅನ್ನುವುದಕ್ಕೆ ನನ್ನ ಅಳತೆಗೋಲು ಇದೇ: ಎಷ್ಟು ಕೈ ಬದಲಾಗುತ್ತದೆ, ಪ್ರತಿ ಕೈಗೂ ಜವಾಬ್ದಾರಿ ಯಾರದು.

ಪಕ್ಕದ ಮನೆಯವರ ಮಾತನ್ನೇ ಮೊದಲು ನೋಡೋಣ. ಲಾರಿ ಮಾಡಿಕೊಂಡು ಹೋಗುವುದು ತಪ್ಪೇನಲ್ಲ. ವಿಜಯನಗರದಿಂದ ಕೆಂಗೇರಿಗೆ ಹೋಗುವುದಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಒಂದು ಟಾಟಾ ಏಸ್ ಎರಡು ಟ್ರಿಪ್, ಇಲ್ಲ ಒಂದು 407, ನಾಲ್ಕು ಜನ ಹುಡುಗರು, ಸಂಜೆಯೊಳಗೆ ಮುಗಿಯಿತು. ಆದರೆ ಮಂಗಳೂರು ಸುಮಾರು 350 ಕಿಲೋಮೀಟರ್. ಇಲ್ಲಿ ಏರಿಸಿದವರು ಅಲ್ಲಿಗೆ ಬರುವುದಿಲ್ಲ. ಡ್ರೈವರ್ ಗಾಡಿ ಓಡಿಸುತ್ತಾನೆ, ಸಾಮಾನಿಗೆ ಅವನು ಹೊಣೆಯಲ್ಲ. ಅಲ್ಲಿ ಇಳಿಸುವವರನ್ನು ನೀವೇ ಹುಡುಕಬೇಕು, ಅದೂ ಮಳೆಯಲ್ಲಿ. ಬ್ಯಾಂಕಿಗೆ ಕೊಡಲು ಸರಿಯಾದ ಬಿಲ್ ಸಿಗುವುದೂ ಕಷ್ಟ. ಇಪ್ಪತ್ತು ವಯಸ್ಸಿನ ಹುಡುಗರು ಒಂದು ರೂಮು ಖಾಲಿ ಮಾಡಿಕೊಂಡು ಹೋಗುವುದಕ್ಕೆ ಇದು ಸರಿ. ಕನ್ನಡಿ ಬೀರು ಇರುವ ಮನೆಗೆ ಬೇಡ.

ಇನ್ನು ಪಾರ್ಸೆಲ್ ಸರ್ವಿಸ್. ನಮ್ಮ ಕಡೆ ಇದಕ್ಕೆ ಒಳ್ಳೆಯ ವ್ಯವಸ್ಥೆ ಇದೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ಇವತ್ತು ಎಷ್ಟೋ ಊರಿನಲ್ಲಿ ಬುಕಿಂಗ್ ಆಫೀಸ್ ಇಟ್ಟಿದೆ. ಹತ್ತು ಹದಿನೈದು ಡಬ್ಬ ಪುಸ್ತಕ, ಬಟ್ಟೆ, ಸ್ಟೀಲ್ ಪಾತ್ರೆ ಮಾತ್ರ ಇದ್ದರೆ ಇಂಥ ಪಾರ್ಸೆಲ್ ಸರ್ವಿಸಿನಲ್ಲಿ ಹಾಕುವುದು ಎಲ್ಲಕ್ಕಿಂತ ಅಗ್ಗ. ಆದರೆ ಪಾರ್ಸೆಲ್ ಅಂದಮೇಲೆ ಒಂದು ಆಫೀಸಿನಿಂದ ಗೋಡೌನಿಗೆ, ಅಲ್ಲಿಂದ ಇನ್ನೊಂದು ಗೋಡೌನಿಗೆ, ಅಲ್ಲಿಂದ ನಿಮಗೆ. ಇಳಿಸಿ ಏರಿಸುವುದೇ ಅದರ ವ್ಯಾಪಾರ. ಮಂಚ, ಫ್ರಿಜ್ ಅದಕ್ಕೆ ಹೊಂದುವುದಿಲ್ಲ.

ಉಳಿದಿದ್ದು ಪ್ಯಾಕರ್ಸ್ ಆಂಡ್ ಮೂವರ್ಸ್. ನಿಜವಾಗಿ ಗಮನ ಕೊಡಬೇಕಾದ್ದು ಇಲ್ಲಿ. ಹೊರಗಿಂದ ಎಲ್ಲರ ಬೋರ್ಡೂ ಒಂದೇ ಥರ. ಒಳಗೆ ನೋಡಿದರೆ ಮೂರು ಜಾತಿ. ಸ್ವಂತ ಗಾಡಿ, ಸ್ವಂತ ಹುಡುಗರು, ಎರಡೂ ಊರಿನಲ್ಲಿ ಆಫೀಸು ಇರುವವರು ಒಂದು. ಸ್ವಂತ ಹುಡುಗರಿದ್ದು ಗಾಡಿ ಮಾತ್ರ ಬಾಡಿಗೆಗೆ ತರುವವರು ಎರಡನೆಯವರು. ಬರೀ ಫೋನ್ ಇಟ್ಟುಕೊಂಡು ನಿಮ್ಮ ಆರ್ಡರನ್ನು ಇನ್ನೊಬ್ಬರಿಗೆ ಮಾರುವವರು ಮೂರನೆಯವರು. ಆನ್‌ಲೈನಿನಲ್ಲಿ ಒಂದು ಫಾರ್ಮ್ ತುಂಬಿದ ಕೂಡಲೇ ಎಂಟು ಜನರಿಂದ ಫೋನ್ ಬಂತು ಅಂದರೆ ನಿಮ್ಮ ನಂಬರ್ ಹಂಚಿಕೆಯಾಗಿದೆ ಅಂತ ತಿಳಿಯಿರಿ. ಆ ಎಂಟರಲ್ಲಿ ಒಳ್ಳೆಯವರೂ ಇರಬಹುದು, ಬರೀ ಮಧ್ಯವರ್ತಿಗಳೂ ಇರಬಹುದು.

ನೀವು ಹೇಳಿದ 14 ಸಾವಿರದವರ ಬಗ್ಗೆ ನನಗೆ ಭಯ ಇರುವುದು ಇದಕ್ಕೇ. ನಿಮ್ಮ ಬೀರು, ಒರಳುಕಲ್ಲು ನೋಡದೆ, ಮೆಟ್ಟಿಲು ಎಷ್ಟು ಅಂತ ಕೇಳದೆ ರೇಟ್ ಹೇಳಿದ್ದಾರೆ. ಇಷ್ಟು ಕಡಿಮೆಗೆ ಹೇಳುವವರು ಎರಡು ರೀತಿಯಲ್ಲಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಒಂದು, ಪಾರ್ಟ್ ಲೋಡ್. ಅಂದರೆ ನಿಮ್ಮ ಸಾಮಾನಿನ ಜೊತೆ ಇನ್ನೂ ಇಬ್ಬರು ಮೂವರ ಸಾಮಾನು ಒಂದೇ ಲಾರಿಯಲ್ಲಿ. ಎರಡು, ಸಾಮಾನು ಲೋಡ್ ಆದ ಮೇಲೆ "ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ, ಇನ್ನೂ 10 ಸಾವಿರ ಕೊಡಿ" ಅನ್ನುವುದು. ನಿಮ್ಮ ಇಡೀ ಸಂಸಾರ ಅವರ ಗಾಡಿಯಲ್ಲಿ ಕೂತಿರುವಾಗ ನೀವು ಚೌಕಾಸಿ ಮಾಡುವುದು ಹೇಗೆ?

ಪಾರ್ಟ್ ಲೋಡ್ ಮೋಸ ಅಲ್ಲ. ಹೇಳಿ ಮಾಡಿದರೆ ಅದೂ ಒಂದು ಸೇವೆ. ಹೇಳದೆ ಮಾಡಿದಾಗ ಏನಾಗುತ್ತದೆ ಅನ್ನುವುದನ್ನು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನೋಡಿದೆ. ಆಗ ನಾನಿದ್ದ ಕಂಪನಿ ಒಬ್ಬ ನಿವೃತ್ತ ಮೇಷ್ಟರ ಸಾಮಾನನ್ನು ಉಡುಪಿಗೆ ಒಪ್ಪಿಕೊಂಡಿತ್ತು. ನಾನೇ ನಿಂತು ಪ್ಯಾಕ್ ಮಾಡಿಸಿದ್ದೆ. ಮೂರು ದಿನದಲ್ಲಿ ತಲುಪುತ್ತದೆ ಅಂತ ನಾನೇ ಹೇಳಿದ್ದೆ. ಗಾಡಿ ತುಂಬಲಿ ಅಂತ ಸಾಮಾನನ್ನು ನೆಲಮಂಗಲದ ಹತ್ತಿರದ ಒಂದು ಶೆಡ್ಡಿನಲ್ಲಿ ಇಳಿಸಿದರು. ತಲುಪಿದ್ದು ಒಂಬತ್ತನೇ ದಿನ. ಮೇಷ್ಟರು ವರಾಂಡದಲ್ಲಿ ಕೂತು ಒಂದೊಂದೇ ಡಬ್ಬ ತೆರೆದರಂತೆ. ಪುಸ್ತಕದ ನಾಲ್ಕು ಡಬ್ಬದ ತಳ ನೆಂದು ಹೋಗಿತ್ತು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ನನಗೆ ಫೋನ್ ಮಾಡಿದರು. ಬೈಯಲಿಲ್ಲ. "ನೀವು ಶೆಡ್ಡಿನ ವಿಷಯ ಮೊದಲೇ ಹೇಳಿದ್ದರೆ ಪುಸ್ತಕಗಳನ್ನು ಬಸ್ಸಿನಲ್ಲಿ ನಾನೇ ತರುತ್ತಿದ್ದೆನಲ್ಲಪ್ಪ" ಅಂದರು. ಅವತ್ತಿನಿಂದ ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಹೇಳದೆ ನಾನು ಯಾರ ಹತ್ತಿರವೂ ಅಡ್ವಾನ್ಸ್ ತೆಗೆದುಕೊಂಡಿಲ್ಲ.

ಹಾಗಾದರೆ ನಿಮಗೆ ಬೇಕಾದ್ದು ಏನು? ನಿಮ್ಮೊಬ್ಬರಿಗೇ ಮೀಸಲಾದ ಗಾಡಿ, ಅದೂ ಕಂಟೇನರ್ ಬಾಡಿ, ಅಂದರೆ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯಂಥದ್ದು. 14 ಅಡಿ ಗಾಡಿ ಸಾಕಾಗಬಹುದು. ಅದರ ಒಳಗೆ 14 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರ ಅಂತ ಇಟ್ಟುಕೊಂಡರೆ ಸುಮಾರು 500 ಘನ ಅಡಿ ಜಾಗ. ಎರಡು ಬೆಡ್‌ರೂಮಿನ ಮನೆ ಸಾಮಾನು ಸಾಮಾನ್ಯವಾಗಿ ಅದರಲ್ಲಿ ಹಿಡಿಸುತ್ತದೆ. ಸ್ಕೂಟರ್ ಕೂಡ ಅದರಲ್ಲೇ ಹೋಗಬೇಕು ಅಂದರೆ ಸರ್ವೆಗೆ ಬಂದವರ ಹತ್ತಿರ ಅದನ್ನು ಸೇರಿಸಿಯೇ ಲೆಕ್ಕ ಹಾಕಿಸಿ. ಕಂಟೇನರ್ ಯಾಕೆ ಅಂದರೆ ಕಾಲ ಮಳೆಗಾಲ, ದಾರಿ ಶಿರಾಡಿ ಘಾಟ್. ಟಾರ್ಪಾಲ್ ಕಟ್ಟಿದ ಓಪನ್ ಗಾಡಿ ಸಕಲೇಶಪುರದವರೆಗೆ ಸರಿ. ಅಲ್ಲಿಂದ ಕೆಳಗೆ ಗಾಳಿ ಮಳೆ ಹೊಡೆಯುವ ರೀತಿಗೆ ಟಾರ್ಪಾಲಿನ ಒಂದು ಹಗ್ಗ ಸಡಿಲವಾದರೆ ಸಾಕು, ಹಾಸಿಗೆ ಪೂರ್ತಿ ನೀರು ಕುಡಿದಿರುತ್ತದೆ. ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದೂ ಉಂಟು. ಆಗ ಗಾಡಿ ಕಾಯಬೇಕು, ಇಲ್ಲ ಮಡಿಕೇರಿ ಮೇಲೆ ಸಂಪಾಜೆ ಕಡೆಯಿಂದ ಸುತ್ತಿ ಬರಬೇಕು. ಹಾಗಾದಾಗ ಹಾಲ್ಟಿಂಗ್ ಚಾರ್ಜು, ಸುತ್ತಿದ ಡೀಸೆಲ್ ಯಾರದು ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

27 ಸಾವಿರದವರು ಮನೆಗೆ ಬಂದು ನೋಡಿದ್ದಾರೆ. ಅದೇ ಅವರ ಪರವಾಗಿ ಒಂದು ಮಾತು. ಅವರು ಪೂರ್ತಿ ಗಾಡಿ ಅಂತ ಬರೆದುಕೊಟ್ಟು, ಕಂಟೇನರ್ ಅಂತ ಬರೆದುಕೊಟ್ಟು, ಬೆಂಗಳೂರಿನಲ್ಲಿ ಏರಿಸಿದವರಲ್ಲಿ ಒಬ್ಬರಾದರೂ ಮಂಗಳೂರಿನಲ್ಲಿ ಇಳಿಸುವಾಗ ಇರುತ್ತಾರೆ ಅಂದರೆ ನಾನು ಅವರಿಗೇ ಕೊಡುತ್ತೇನೆ. ಇದರಲ್ಲಿ ಯಾವುದಕ್ಕಾದರೂ ತಡವರಿಸಿದರೆ 41 ಸಾವಿರದವರ ಹತ್ತಿರ ಮಾತಾಡಿ. ದೊಡ್ಡ ಹೆಸರು ಅಂದಮಾತ್ರಕ್ಕೆ ಅವರನ್ನೂ ಸುಮ್ನೆ ಬಿಡಬೇಡಿ. ದೊಡ್ಡ ಕಂಪನಿಗಳಲ್ಲೂ ಕೆಲವು ಊರಿಗೆ ಏಜೆಂಟರಿಗೆ ಕೆಲಸ ಒಪ್ಪಿಸುವುದಿದೆ. ಜೊತೆಗೆ, ಹೆಸರಾಂತ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ ಬೋರ್ಡ್ ಹಾಕಿಕೊಂಡವರು ಈ ಕ್ಷೇತ್ರದಲ್ಲಿ ಬಹಳ ಜನ ಇದ್ದಾರೆ. ಕೊಟೇಶನ್‌ನಲ್ಲಿರುವ 15 ಅಕ್ಷರದ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ. ಅಲ್ಲಿ ಬರುವ ಹೆಸರು, ಕೊಟೇಶನ್‌ನಲ್ಲಿರುವ ಹೆಸರು, ನೀವು ದುಡ್ಡು ಹಾಕುವ ಖಾತೆಯ ಹೆಸರು, ಮೂರೂ ಒಂದೇ ಆಗಿರಬೇಕು. ಖಾತೆ ಯಾವುದೋ ವ್ಯಕ್ತಿಯ ಹೆಸರಿನಲ್ಲಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

27 ಸಾವಿರ ಅಂದರೆ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತಲೂ ಕೇಳಿ. ಪ್ಯಾಕಿಂಗ್ ಸೇರಿದ ಪೂರ್ತಿ ಸೇವೆಗೆ ಸಾಮಾನ್ಯವಾಗಿ 18% ಹಾಕುತ್ತಾರೆ. ಬಿಟ್ಟು ಹೇಳಿದ್ದರೆ ಅದು 31,860 ಆಗುತ್ತದೆ. ಇ-ವೇ ಬಿಲ್, ಅಂದರೆ ಸರಕು ಸಾಗಣೆಗೆ ಜಿಎಸ್‌ಟಿ ಕಾನೂನಿನಡಿ ಮಾಡಿಸುವ ದಾಖಲೆ, ಅದರ ಹೆಸರಿನಲ್ಲಿ ದುಡ್ಡು ಕೇಳಿದರೆ ಒಪ್ಪಬೇಡಿ. ಬಳಸಿದ ಮನೆ ಸಾಮಾನಿಗೆ ಅದು ಬೇಕಾಗಿಲ್ಲ. ಸಾಮಾನಿನ ಪಟ್ಟಿ ಡ್ರೈವರ್ ಹತ್ತಿರ ಇದ್ದರೆ ಸಾಕು.

ನಿಮ್ಮ ವಿಷಯದಲ್ಲಿ ಬ್ಯಾಂಕಿನ ಬಿಲ್ ಮುಖ್ಯ ಅಲ್ವಾ? ಕಂಪನಿ ಗೊತ್ತುಮಾಡುವ ಮೊದಲೇ ಯಜಮಾನರು ಅವರ ಆಫೀಸಿನಲ್ಲಿ ಕೇಳಲಿ. ಐಬಿಎ, ಅಂದರೆ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್, ಸಾಗಣೆದಾರರ ಒಂದು ಪಟ್ಟಿ ಇಟ್ಟಿರುತ್ತದೆ. ಎಷ್ಟೋ ಬ್ಯಾಂಕುಗಳು ಆ ಪಟ್ಟಿಯಲ್ಲಿರುವವರ ಬಿಲ್ ಕೇಳುತ್ತವೆ. "ಐಬಿಎ ಅಪ್ರೂವ್ಡ್" ಅಂತ ಬೋರ್ಡಿನಲ್ಲಿ ಬರೆದುಕೊಂಡಿರುವವರೆಲ್ಲ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿ ತೆಗೆದು ಹೆಸರು ನೋಡಿ. ಇನ್ನೊಂದು ಮಾತು ಕಡ್ಡಿ ಮುರಿದಂತೆ ಹೇಳುತ್ತೇನೆ. "ಸಾಮಾನು ಕಡಿಮೆ ರೇಟಿಗೆ ಸಾಗಿಸುತ್ತೇವೆ, ಬಿಲ್ ಮಾತ್ರ ದೊಡ್ಡದು ಕೊಡುತ್ತೇವೆ" ಅಂತ ಹೇಳುವವರು ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ನಾಲ್ಕು ಕಾಸಿಗೆ ಆಸೆಪಟ್ಟು ಕೆಲಸಕ್ಕೇ ಕುತ್ತು ತಂದುಕೊಂಡವರನ್ನು ನಾನು ಬಲ್ಲೆ.

ಈಗ ಎಲ್‌ಆರ್ ವಿಷಯ. ಲಾರಿ ರಸೀದಿ, ಕೆಲವರು ಬಿಲ್ಟಿ ಅನ್ನುತ್ತಾರೆ. ಮನೆ ಬದಲಾಯಿಸುವವರು ಇದನ್ನು ಓದದೆ ಸಹಿ ಹಾಕುತ್ತಾರೆ. ನಷ್ಟ ಆದಾಗ ನಿಮ್ಮ ಕೈಯಲ್ಲಿರುವ ದಾಖಲೆ ಇದೊಂದೇ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ನೀವು ಸಾಮಾನಿನ ಬೆಲೆ ಜಾಸ್ತಿ ಅಂತ ಬರೆಸದೆ ಇದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಇಲ್ಲೊಂದು ಸೂಕ್ಷ್ಮ ಇದೆ. ನೀವು ಕೊಟ್ಟಿದ್ದು 27 ಸಾವಿರ. ಅದರಲ್ಲಿ ಪ್ಯಾಕಿಂಗ್, ಲೋಡಿಂಗ್ ಎಲ್ಲ ಬೇರೆ ಬೇರೆ ತೋರಿಸಿ ಎಲ್‌ಆರ್‌ನಲ್ಲಿ ಬಾಡಿಗೆ ಅಂತ 6 ಸಾವಿರ ಮಾತ್ರ ಬರೆದಿದ್ದರೆ, ಅವರು ವಾದ ಮಾಡುವುದು 60 ಸಾವಿರದ ಲೆಕ್ಕದಲ್ಲಿ. ನಿಮ್ಮ ಫ್ರಿಜ್, ಟಿವಿ, ವಾಷಿಂಗ್ ಮಷಿನ್ ಸೇರಿದರೇ ಅಷ್ಟಾಗುತ್ತದೆ. ಆದ್ದರಿಂದ ಸಾಮಾನಿನ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಇವತ್ತಿನ ಬೆಲೆ ಬರೆದು, ಆ ಒಟ್ಟು ಮೊತ್ತವನ್ನು ಎಲ್‌ಆರ್‌ನಲ್ಲಿ ಹಾಕಿಸಿ. ಅದಕ್ಕೆ ಸ್ವಲ್ಪ ಜಾಸ್ತಿ ಚಾರ್ಜ್ ಕೇಳಬಹುದು, ಕೊಡಿ. "ಓನರ್ಸ್ ರಿಸ್ಕ್", ಅಂದರೆ ನಷ್ಟ ಆದರೆ ಹೊಣೆ ನಿಮ್ಮದೇ, ಅಂತ ಅಚ್ಚಾಗಿದೆಯಾ ನೋಡಿ. ಇದ್ದರೆ ಅದನ್ನು ಹೊಡೆದು ಹಾಕಿಸಿ "ಕ್ಯಾರಿಯರ್ಸ್ ರಿಸ್ಕ್", ಅಂದರೆ ಹೊಣೆ ಸಾಗಣೆದಾರರದು, ಅಂತ ಬರೆಸಿ, ಅವರ ಸಹಿ ತೆಗೆದುಕೊಳ್ಳಿ. ನಷ್ಟ ಆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ಫೋನಿನಲ್ಲಿ ಜಗಳ ಆಡಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಇನ್ಶೂರೆನ್ಸ್ ವಿಚಾರದಲ್ಲೂ ಇದೇ ಗೊಂದಲ. "3% ಇನ್ಶೂರೆನ್ಸ್ ಸರ್" ಅಂತ ದುಡ್ಡು ತೆಗೆದುಕೊಂಡು ರಸೀದಿಯಲ್ಲಿ ಎಫ್‌ಓವಿ (ಫ್ರೈಟ್ ಆನ್ ವ್ಯಾಲ್ಯೂ) ಅಂತ ಬರೆಯುತ್ತಾರೆ. ಅದು ಇನ್ಶೂರೆನ್ಸ್ ಅಲ್ಲ. ಸಾಗಣೆದಾರರೇ ತಾವು ನೋಡಿಕೊಳ್ಳುತ್ತೇವೆ ಅಂತ ತೆಗೆದುಕೊಳ್ಳುವ ಚಾರ್ಜು. ಅವರು ಒಳ್ಳೆಯವರಾದರೆ ನೋಡಿಕೊಳ್ಳುತ್ತಾರೆ. ನಿಜವಾದ ಟ್ರಾನ್ಸಿಟ್ ಇನ್ಶೂರೆನ್ಸ್ ಆದರೆ ವಿಮಾ ಕಂಪನಿಯ ಹೆಸರಿರುವ, ಪಾಲಿಸಿ ನಂಬರ್ ಇರುವ ಕಾಗದ ಗಾಡಿ ಹೊರಡುವ ಮುಂಚೆ ನಿಮ್ಮ ಕೈಗೆ ಬರಬೇಕು. ಬರಲಿಲ್ಲ ಅಂದರೆ ಆ ದುಡ್ಡು ಕೊಡಬೇಡಿ. ಒಡವೆ, ನಗದು, ಪತ್ರಗಳಿಗೆ ಸಾಮಾನ್ಯವಾಗಿ ಈ ಎರಡರಲ್ಲಿ ಯಾವುದರಿಂದಲೂ ಪರಿಹಾರ ಸಿಗುವುದಿಲ್ಲ. ಅವು ನಿಮ್ಮ ಜೊತೆಗೇ ಇರಲಿ.

ಅಡ್ವಾನ್ಸ್ ಸ್ವಲ್ಪವೇ ಕೊಡಿ. ಲೋಡ್ ಆದ ಮೇಲೆ ಅರ್ಧ ಕೇಳುವುದು ರೂಢಿ, ತಪ್ಪಿಲ್ಲ. ಒಂದು ಭಾಗ ಮಾತ್ರ ಮಂಗಳೂರಿನಲ್ಲಿ ಇಳಿಸಿದ ಮೇಲೆ ಅಂತ ಗಟ್ಟಿಯಾಗಿ ಉಳಿಸಿಕೊಳ್ಳಿ. ಹೊಸ ಮನೆ ಬಾಗಿಲಿಗೆ 14 ಅಡಿ ಗಾಡಿ ಬರುತ್ತದಾ ನೋಡಿಕೊಂಡಿದ್ದೀರಾ? ಮಂಗಳೂರಿನ ಹಳೆ ಬಡಾವಣೆಗಳಲ್ಲಿ ಇಳಿಜಾರಿನ ಸಣ್ಣ ರಸ್ತೆ ಜಾಸ್ತಿ. ಗಾಡಿ ಮುಖ್ಯರಸ್ತೆಯಲ್ಲೇ ನಿಂತರೆ ಅಲ್ಲಿಂದ ಸಣ್ಣ ಟೆಂಪೋದಲ್ಲಿ ಸಾಗಿಸಬೇಕು. ಅಂದರೆ ಇನ್ನೊಂದು ಸಲ ಇಳಿಸಿ ಏರಿಸುವುದು, ಇನ್ನೊಂದು ಚಾರ್ಜು. ಯಜಮಾನರು ಅಲ್ಲಿಗೆ ಹೋದಾಗ ರಸ್ತೆಯ ಒಂದು ವೀಡಿಯೋ ತೆಗೆದು ಕಂಪನಿಯವರಿಗೆ ಕಳಿಸಲಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರು ಎಷ್ಟು ಹೊತ್ತಿಗೆ ಲಿಫ್ಟ್ ಕೊಡುತ್ತಾರೆ ಕೇಳಿ.

ಕನ್ನಡಿ ಬೀರುವಿನ ಬಗ್ಗೆ ವಿಶೇಷವಾಗಿ ಹೇಳಬೇಕು, ಯಾಕೆಂದರೆ ಅದು ಅತ್ತೆಯವರದು. ಪೂರ್ತಿ ಖಾಲಿ ಮಾಡಿ. ಸೀರೆ ತಾನೇ, ಭಾರ ಇಲ್ಲ ಅಂತ ಬಿಡಬೇಡಿ. ಕನ್ನಡಿ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಟೇಪ್ ಹಾಕಿ, ಮೇಲೆ ಬಬಲ್ ಶೀಟ್, ಅದರ ಮೇಲೆ ದಪ್ಪ ರಟ್ಟು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ನಿಮ್ಮ ಪರ್ಸಿನಲ್ಲಿ ಇರಲಿ. ಗಾಡಿಯಲ್ಲಿ ನಿಲ್ಲಿಸಿಯೇ ಇಡಬೇಕು, ಮಲಗಿಸಬಾರದು. ಕನ್ನಡಿ ಇರುವ ಮುಖ ಹಾಸಿಗೆಯ ಕಡೆಗೆ ತಿರುಗಿರಲಿ. ಒರಳುಕಲ್ಲು ಗಾಡಿಯ ನೆಲದ ಮೇಲೆ, ಡ್ರೈವರ್ ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ ಕೂರಬೇಕು. ಎಷ್ಟೋ ಜನ ಗುಂಡುಕಲ್ಲನ್ನು ಅದರೊಳಗೇ ಬಿಟ್ಟು ಕಳಿಸುತ್ತಾರೆ, ಅದು ತಪ್ಪು. ಶಿರಾಡಿಯ ತಿರುವಿನಲ್ಲಿ ಅದು ಹಾರಿಬಿದ್ದರೆ ಎದುರಿಗೆ ಸಿಕ್ಕಿದ್ದೆಲ್ಲ ಪುಡಿ. ಗುಂಡನ್ನು ಬೇರೆ ಗೋಣಿಯಲ್ಲಿ ಸುತ್ತಿ ಕಟ್ಟಿಸಿ. ಸರ್ವೆಗೆ ಬಂದವರನ್ನೇ ಕೇಳಿ ನೋಡಿ: "ಒರಳುಕಲ್ಲು ಎಲ್ಲಿ ಇಡುತ್ತೀರಿ?" ಕೆಲಸ ಗೊತ್ತಿರುವವನು ತಕ್ಷಣ ಹೇಳುತ್ತಾನೆ.

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಐಸ್ ಕರಗಿಸಿ ಒರೆಸಿಡಿ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್ ಆದರೆ ಕೊಂಡಾಗ ಬಿಚ್ಚಿಟ್ಟ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹುಡುಕಿ ವಾಪಸ್ ಹಾಕಿಸಿ. ಸ್ಕೂಟರಿನ ಪೆಟ್ರೋಲ್ ಖಾಲಿ ಮಾಡಿಸಿ. ರಾಜ್ಯದೊಳಗೇ ಆದ್ದರಿಂದ ಆರ್‌ಟಿಒ ಕಚೇರಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಚಿಂತೆ ಇಲ್ಲ. ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಹಾಕಬೇಡಿ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಡಿಪಾಸಿಟ್ ವಾಪಸ್ ಪಡೆದು, ವೋಚರ್ ತೆಗೆದುಕೊಂಡರೆ ಅದರ ಮೇಲೆ ಮಂಗಳೂರಿನಲ್ಲಿ ಸಂಪರ್ಕ ಸಿಗುತ್ತದೆ.

ಅತ್ತೆಯವರ ಮಾತು ಕೊನೆಗೆ ಇಟ್ಟುಕೊಂಡೆ. ಆಷಾಢಕ್ಕೆ ಮುಂಚಿನ ವಾರ ಎಲ್ಲರೂ ಮನೆ ಬದಲಾಯಿಸುತ್ತಾರೆ. ಅದು ತಿಂಗಳ ಕೊನೆಯೂ ಆಗಿದ್ದರೆ ಕೇಳುವುದೇ ಬೇಡ, ಒಳ್ಳೆಯ ಹುಡುಗರೂ ಸಿಗುವುದಿಲ್ಲ, ರೇಟೂ ಇಳಿಯುವುದಿಲ್ಲ. ತಿಂಗಳ ನಡುವಿನ ಒಂದು ಮಂಗಳವಾರ ಬುಧವಾರ ಆಗುತ್ತದಾ ನೋಡಿ. ಆಗಲಿಲ್ಲ ಅಂದರೆ ಎಷ್ಟೋ ಮನೆಯವರು ಮಾಡುವ ದಾರಿ ಒಂದಿದೆ. ನೀವೂ ಅತ್ತೆಯೂ ಆಷಾಢಕ್ಕೆ ಮುಂಚೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ದೇವರ ಫೋಟೋ ಇಟ್ಟು ಹಾಲು ಉಕ್ಕಿಸಿ ಬನ್ನಿ. ಲಾರಿ ಆಷಾಢದಲ್ಲಿ ಬರಲಿ. ಆಗ ಕೆಲಸ ಕಡಿಮೆ ಇರುವುದರಿಂದ ಒಳ್ಳೆಯ ತಂಡ ಸಿಗುತ್ತದೆ, ರೇಟಿನಲ್ಲೂ ಮಾತಾಡಬಹುದು. ಮಳೆ ಮಾತ್ರ ಇನ್ನೂ ಜೋರಾಗಿರುತ್ತದೆ, ಹಾಗಾಗಿ ಕಂಟೇನರ್ ವಿಷಯದಲ್ಲಿ ರಾಜಿ ಬೇಡ.

ಸಾಮಾನು ಇಳಿದ ದಿನ ಹುಡುಗರು ಕಾಗದ ಚಾಚಿ "ಸಹಿ ಹಾಕಿಬಿಡಿ ಮೇಡಂ, ಗಾಡಿ ಬಿಡಬೇಕು" ಅನ್ನುತ್ತಾರೆ. ಹತ್ತು ನಿಮಿಷ ತೆಗೆದುಕೊಳ್ಳಿ. ಪಟ್ಟಿ ಹಿಡಿದು ಡಬ್ಬ ಎಣಿಸಿ. ಬೀರು, ಟಿವಿ, ಫ್ರಿಜ್ ಮೂರನ್ನಾದರೂ ಬಿಚ್ಚಿಸಿ ನೋಡಿ. ಗೀರು ಬಿದ್ದಿದ್ದರೂ ಅದೇ ಕಾಗದದ ಮೇಲೆ ಬರೆದು ಸಹಿ ಹಾಕಿ, ಫೋಟೋ ತೆಗೆದುಕೊಳ್ಳಿ. ಏನಾದರೂ ಆಗಿ ಕಂಪನಿಯವರು ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ಕೇಸ್ ಹಾಕಲು ಅವಕಾಶ ಇದೆ, ಅದಕ್ಕಾಗಿ ಬೆಂಗಳೂರಿಗೆ ಓಡಾಡಬೇಕಾಗಿಲ್ಲ.